ಶಾಸಕರಿಂದ ಯಾವ ಕೆಲಸ ಆಗುತ್ತದೆ, ಯಾವುದು ಆಗುವುದಿಲ್ಲ? ಉತ್ತರ ಕನ್ನಡದ ಮತದಾರರು ಪದೇ ಪದೇ ಕೇಳುವ ಪ್ರಶ್ನೆಗಳು

ರಸ್ತೆ, ಕಾಲುಸಂಕ (ಹಳ್ಳ ದಾಟುವ ಕಿರುಸೇತುವೆ), ಅತಿಕ್ರಮಣ ಜಾಗದ ಪಟ್ಟಾ, ಆಸ್ಪತ್ರೆ ಬಿಲ್ಲು, ವರ್ಗಾವಣೆ. ಈ ಜಿಲ್ಲೆಯ ಹಳ್ಳಿಗಳಿಂದ ಶಾಸಕರ ಮನೆಗೆ ಹೋಗುವ ಮನವಿಗಳಲ್ಲಿ ಇವೇ ಹೆಚ್ಚು. ಇವುಗಳಲ್ಲಿ ಕೆಲವಕ್ಕೆ ಶಾಸಕರಿಗೆ ನೇರ ಅಧಿಕಾರವಿದೆ. ಕೆಲವಕ್ಕೆ ಒತ್ತಡ ತರಬಲ್ಲರು. ಇನ್ನು ಕೆಲವು ಅವರ ಕೈಯಲ್ಲೇ ಇಲ್ಲ. ಇದು ಗೊತ್ತಿಲ್ಲದೆ ವರ್ಷಗಟ್ಟಲೆ ಅಲೆಯುವವರು ಬಹಳ. ಅವರಿಗಾಗಿ ಈ ಪುಟ.

ಜಿಲ್ಲೆಯಲ್ಲಿ ಎಷ್ಟು ಶಾಸಕರು? ನಮ್ಮೂರು ಯಾರ ಕ್ಷೇತ್ರಕ್ಕೆ ಸೇರುತ್ತದೆ?

ವಿಧಾನಸಭೆಯ 224 ಸ್ಥಾನಗಳಲ್ಲಿ ಉತ್ತರ ಕನ್ನಡಕ್ಕೆ ಆರು: ಹಳಿಯಾಳ (76), ಕಾರವಾರ (77), ಕುಮಟಾ (78), ಭಟ್ಕಳ (79), ಶಿರಸಿ (80), ಯಲ್ಲಾಪುರ (81). ಆರೂ ಸಾಮಾನ್ಯ ಕ್ಷೇತ್ರಗಳು. ತಾಲ್ಲೂಕಿನ ಗಡಿಯೂ ಕ್ಷೇತ್ರದ ಗಡಿಯೂ ಒಂದೇ ಎಂದುಕೊಳ್ಳಬೇಡಿ. ಹೊನ್ನಾವರ ತಾಲ್ಲೂಕು ಕುಮಟಾ, ಭಟ್ಕಳ ಎರಡು ಕ್ಷೇತ್ರಗಳಲ್ಲಿ ಹಂಚಿಹೋಗಿದೆ. ಬನವಾಸಿ ಕಡೆಯವರ ತಹಶೀಲ್ದಾರ್ ಕಚೇರಿ ಶಿರಸಿಯಲ್ಲಿದ್ದರೂ ಅವರು ಮತ ಹಾಕುವುದು ಯಲ್ಲಾಪುರ ಕ್ಷೇತ್ರಕ್ಕೆ. ಸಂಶಯವಿದ್ದರೆ ಮತದಾರರ ಪಟ್ಟಿಯ ಪುಟದ ಮೇಲ್ಭಾಗದಲ್ಲಿರುವ ಕ್ಷೇತ್ರದ ಸಂಖ್ಯೆ ನೋಡಿ. ತಪ್ಪು ಶಾಸಕರಿಗೆ ಕೊಟ್ಟ ಮನವಿ ಸರಿಯಾದವರಿಗೆ ತಾನಾಗಿ ತಲುಪುವುದಿಲ್ಲ.

75 ಸದಸ್ಯರ ವಿಧಾನ ಪರಿಷತ್ತಿನಲ್ಲೂ ಜಿಲ್ಲೆಗೆ ದನಿಯಿದೆ. ಸ್ಥಳೀಯ ಸಂಸ್ಥೆಗಳ ಕ್ಷೇತ್ರದಿಂದ ಆಯ್ಕೆಯಾದವರು ಗ್ರಾಮ ಪಂಚಾಯಿತಿ ಮತ್ತಿತರ ಸ್ಥಳೀಯ ಸಂಸ್ಥೆಗಳ ಸದಸ್ಯರ ಮತದಿಂದ ಗೆದ್ದವರು. ಪಂಚಾಯಿತಿಗಳ ಸಮಸ್ಯೆಯನ್ನು ಅವರ ಬಳಿಗೂ ಒಯ್ಯಬಹುದು. 2020ರಲ್ಲಿ ಶಾಂತಾರಾಮ ಸಿದ್ದಿ ಪರಿಷತ್ತಿಗೆ ನಾಮಕರಣಗೊಂಡು ಸಿದ್ದಿ ಸಮುದಾಯದ ಮೊದಲ ಶಾಸಕರಾದರು. ಕಾಡಿನ ನಡುವೆ ಬದುಕುವ ಸಮುದಾಯವೊಂದರ ಮಾತು ಸದನದಲ್ಲಿ ನೇರವಾಗಿ ಕೇಳಿಬಂದದ್ದು ಆಗಲೇ.

ಶಾಸಕರಾಗಲು ಅದೇ ಕ್ಷೇತ್ರದವರೇ ಆಗಿರಬೇಕೆ?

ಬೇಡ. 25 ವರ್ಷ ತುಂಬಿರಬೇಕು, ರಾಜ್ಯದ ಯಾವುದಾದರೂ ವಿಧಾನಸಭಾ ಕ್ಷೇತ್ರದ ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು. ಠೇವಣಿ 10,000 ರೂಪಾಯಿ, ಪರಿಶಿಷ್ಟ ಜಾತಿ, ಪಂಗಡದವರಿಗೆ ಅದರ ಅರ್ಧ. ಚಲಾವಣೆಯಾದ ಮತಗಳಲ್ಲಿ ಆರನೇ ಒಂದು ಭಾಗ ಬಾರದಿದ್ದರೆ ಠೇವಣಿ ಹೋಗುತ್ತದೆ. ವೆಚ್ಚದ ಮಿತಿ 2022ರಿಂದ 40 ಲಕ್ಷ ರೂಪಾಯಿ.

ಹಳ್ಳಿಗಾಡಿನ ಶಾಸಕರ ದಿನ ಹೇಗಿರುತ್ತದೆ? ಯಾವಾಗ ಭೇಟಿಯಾದರೆ ಒಳ್ಳೆಯದು?

ಬೆಳಿಗ್ಗೆ ಏಳಕ್ಕೆಲ್ಲ ಜಗಲಿಯಲ್ಲಿ ಜನ ಕೂತಿರುತ್ತಾರೆ. ಆಮೇಲೆ ಶಂಕುಸ್ಥಾಪನೆ, ಇಲಾಖಾ ಸಭೆ, ಶಾಲೆಯ ಕಾರ್ಯಕ್ರಮ. ನಡುನಡುವೆ ಮದುವೆ, ಉಪನಯನ, ಸತ್ತವರ ಮನೆ. ರಾತ್ರಿಗೆ ಯಕ್ಷಗಾನವೋ ದೇವಸ್ಥಾನದ ತೇರೋ ಇದ್ದೇ ಇರುತ್ತದೆ. ಇಲ್ಲಿನ ಕ್ಷೇತ್ರಗಳು ವಿಸ್ತಾರದಲ್ಲಿ ದೊಡ್ಡವು, ಮನೆಗಳು ಚದುರಿದವು. ಜೋಯಿಡಾದ ಒಂದು ಮಜರೆಗೆ ಹೋಗಿ ಬರುವುದರಲ್ಲೇ ಅರ್ಧ ದಿನ ಕಳೆಯುತ್ತದೆ. ಅಧಿವೇಶನವಿದ್ದಾಗ ಬೆಂಗಳೂರು, ಶಿರಸಿಯಿಂದ ಸುಮಾರು 400 ಕಿಲೋಮೀಟರ್, ಕಾರವಾರದಿಂದ 500ಕ್ಕೂ ಹೆಚ್ಚು. ಚಳಿಗಾಲದಲ್ಲಿ ಬೆಳಗಾವಿಯ ಸುವರ್ಣ ವಿಧಾನಸೌಧ.

ಮದುವೆ ಮನೆಯ ಗದ್ದಲದಲ್ಲಿ ಕೈಗೆ ತುರುಕಿದ ಕಾಗದ ಕಳೆದುಹೋಗುತ್ತದೆ. ಸಿಟ್ಟು ಮಾಡಿಕೊಂಡು ಫಲವಿಲ್ಲ. ಕಾರ್ಯಕ್ರಮದಿಂದ ಕಾರ್ಯಕ್ರಮಕ್ಕೆ ಓಡುವವರ ಜೇಬಿನಲ್ಲಿ ಕಾಗದ ಉಳಿಯುವುದೇ ಕಷ್ಟ. ಮನವಿಯನ್ನು ಕ್ಷೇತ್ರದ ಕಚೇರಿಯಲ್ಲಿ ಕೊಡಿ. ಎರಡು ಪ್ರತಿ ಒಯ್ಯಿರಿ, ಒಂದರ ಮೇಲೆ ದಿನಾಂಕ ಹಾಕಿಸಿ ಸ್ವೀಕೃತಿ ಪಡೆಯಿರಿ. ಆಪ್ತ ಸಹಾಯಕರ ಬಳಿ ಮನವಿ ಯಾವ ಇಲಾಖೆಗೆ ಹೋಯಿತು, ಪತ್ರದ ಸಂಖ್ಯೆ ಏನು ಎಂದು ಕೇಳಿ ಬರೆದಿಟ್ಟುಕೊಳ್ಳಿ. ಮುಂದೆ ಇಲಾಖೆಯಲ್ಲಿ ನಿಮ್ಮ ಕೆಲಸ ಹುಡುಕಲು ಬೇಕಾಗುವುದು ಆ ಸಂಖ್ಯೆ.

ನಮ್ಮ ರಸ್ತೆ ಹಾಳಾಗಿದೆ. ಶಾಸಕರಿಗೆ ಹೇಳಿದರೆ ಸಾಕಲ್ಲವೆ?

ಮೊದಲು ರಸ್ತೆ ಯಾರದ್ದೆಂದು ತಿಳಿಯಿರಿ. ಕರಾವಳಿಯ ಹೆದ್ದಾರಿ 66, ಅಂಕೋಲಾ–ಹುಬ್ಬಳ್ಳಿಯ 52, ಕುಮಟಾ–ಶಿರಸಿ–ಹಾವೇರಿಯ 766ಇ ಇವೆಲ್ಲ ರಾಷ್ಟ್ರೀಯ ಹೆದ್ದಾರಿಗಳು. ಇವುಗಳ ಹಣ, ಗುತ್ತಿಗೆ ಎರಡೂ ಕೇಂದ್ರದ ಕಡೆಯವು. ಮನವಿ ಸಂಸದರಿಗೆ, ಅದರ ಪ್ರತಿ ಜಿಲ್ಲಾಧಿಕಾರಿಗೆ ಮತ್ತು ಶಾಸಕರಿಗೆ ಹೋಗಬೇಕು. 2024ರ ಆಗಸ್ಟ್ 7ರಂದು ಕಾರವಾರದ ಹಳೆಯ ಕಾಳಿ ಸೇತುವೆ ಕುಸಿಯಿತು. ಆ ಸೇತುವೆ ಇದ್ದದ್ದೂ ರಾಷ್ಟ್ರೀಯ ಹೆದ್ದಾರಿಯಲ್ಲಿ.

ರಾಜ್ಯ ಹೆದ್ದಾರಿ ಮತ್ತು ಜಿಲ್ಲಾ ಮುಖ್ಯ ರಸ್ತೆ ಲೋಕೋಪಯೋಗಿ ಇಲಾಖೆಯವು. ಇಲ್ಲಿ ಶಾಸಕರ ಮಾತಿಗೆ ತೂಕ ಹೆಚ್ಚು, ಏಕೆಂದರೆ ಕ್ಷೇತ್ರಕ್ಕೆ ಬರುವ ಅನುದಾನದ ಕಾಮಗಾರಿ ಪಟ್ಟಿ ಅವರ ಶಿಫಾರಸಿನಂತೆ ತಯಾರಾಗುತ್ತದೆ. ಗ್ರಾಮ ರಸ್ತೆ ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗದ್ದು. ಕೇರಿಯೊಳಗಿನ ಓಣಿ ಪಂಚಾಯಿತಿಯದ್ದು. ಅದಕ್ಕೆ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಮತ್ತು ಗ್ರಾಮಸಭೆಯೇ ಸರಿಯಾದ ಬಾಗಿಲು.

ಶಾಸಕರ ಸ್ವಂತ ನಿಧಿ ಎಂದರೇನು? ಆ ಹಣ ಅವರ ಕೈಗೆ ಬರುತ್ತದೆಯೆ?

ಬರುವುದಿಲ್ಲ. ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ಯೋಜನೆಯಲ್ಲಿ ವರ್ಷಕ್ಕೆ 2 ಕೋಟಿ ರೂಪಾಯಿ. ಹಣ ಜಮೆಯಾಗುವುದು ಜಿಲ್ಲಾಧಿಕಾರಿ ಖಾತೆಗೆ. ಶಾಸಕರು ಕಾಮಗಾರಿಯನ್ನು ಶಿಫಾರಸು ಮಾಡುತ್ತಾರೆ, ಎಂಜಿನಿಯರ್ ಅಂದಾಜು ಪಟ್ಟಿ ತಯಾರಿಸುತ್ತಾರೆ, ಜಿಲ್ಲಾಧಿಕಾರಿ ಆಡಳಿತಾತ್ಮಕ ಮಂಜೂರಾತಿ ಕೊಡುತ್ತಾರೆ, ಲೋಕೋಪಯೋಗಿ, ಪಂಚಾಯತ್ ರಾಜ್ ವಿಭಾಗ ಅಥವಾ ನಿರ್ಮಿತಿ ಕೇಂದ್ರದಂಥ ಸಂಸ್ಥೆ ಕೆಲಸ ಮಾಡಿಸುತ್ತದೆ. ನೂರಾರು ಮಜರೆಗಳಿರುವ ಕ್ಷೇತ್ರಕ್ಕೆ 2 ಕೋಟಿ ಎಷ್ಟು ಸಣ್ಣದೆಂದು ಲೆಕ್ಕ ಹಾಕಿ ನೋಡಿ. ದೊಡ್ಡ ಸೇತುವೆ, ಉದ್ದದ ರಸ್ತೆ ಇದರಲ್ಲಿ ಆಗುವಂಥದ್ದಲ್ಲ. ಅವಕ್ಕೆ ಇಲಾಖೆಯ ಅನುದಾನ, ಬಜೆಟ್ ಬೇಕು. ಈ ನಿಧಿಗೆ ಒಪ್ಪುವುದು ಕಾಲುಸಂಕ, ಮೋರಿ, ಶಾಲೆಯ ಕೊಠಡಿ, ಬಸ್ ತಂಗುದಾಣದಂಥ ಕೆಲಸಗಳು.

ಐದು ಲಕ್ಷ ಮಂಜೂರಾಯಿತು ಎಂದರು. ಕೆಲಸ ನೋಡಿದರೆ ಅಷ್ಟು ಕಾಣುವುದಿಲ್ಲ, ಯಾಕೆ?

ಪ್ರತಿ ಸಲವೂ ಕಳ್ಳತನವೇ ಕಾರಣವಲ್ಲ. ಸರ್ಕಾರಿ ಕಾಮಗಾರಿಗೆ ಶೇ 18ರಷ್ಟು ಜಿಎಸ್‌ಟಿ ಇದೆ. 5 ಲಕ್ಷದಲ್ಲಿ ತೆರಿಗೆ ಸೇರಿದ್ದರೆ ಕೆಲಸಕ್ಕೆ ಉಳಿಯುವುದು ಸುಮಾರು 4.24 ಲಕ್ಷ. ಅದರ ಮೇಲೆ ಕಾರ್ಮಿಕ ಕಲ್ಯಾಣ ಸೆಸ್ ಶೇ 1. ಮೂರು ಮೀಟರ್ ಅಗಲ, 15 ಸೆಂಟಿಮೀಟರ್ ದಪ್ಪದ ಕಾಂಕ್ರೀಟ್ ರಸ್ತೆಗೆ ಪ್ರತಿ 100 ಮೀಟರಿಗೆ 45 ಘನ ಮೀಟರ್ ಕಾಂಕ್ರೀಟ್ ಬೇಕು. ಘಟ್ಟದ ಮೇಲಿನ ಒಳಹಳ್ಳಿಗೆ ಜಲ್ಲಿ, ಮರಳು ಸಾಗಿಸುವ ಖರ್ಚೂ ಕಡಿಮೆಯಲ್ಲ.

ನೀವು ಕೇಳಬೇಕಾದದ್ದು ಅಂದಾಜು ಪಟ್ಟಿಯ ಪ್ರತಿ. ಅದರಲ್ಲಿ ಉದ್ದ, ಅಗಲ, ದಪ್ಪದ ಜತೆಗೆ ಪಕ್ಕದ ಗಟಾರ ಮತ್ತು ಅಡ್ಡಮೋರಿ ಇವೆಯೇ ನೋಡಿ. ನಮ್ಮ ಮಳೆಯಲ್ಲಿ ರಸ್ತೆ ಹಾಳಾಗುವುದು ಮೇಲಿನಿಂದ ಬೀಳುವ ನೀರಿಗಿಂತ ಪಕ್ಕದಿಂದ ನುಗ್ಗುವ ನೀರಿನಿಂದ. ಗಟಾರವಿಲ್ಲದ 200 ಮೀಟರ್ ರಸ್ತೆಗಿಂತ ಗಟಾರವಿರುವ 120 ಮೀಟರ್ ರಸ್ತೆ ಹೆಚ್ಚು ಬಾಳುತ್ತದೆ. ಉದ್ದ ಕಡಿಮೆ ಮಾಡಿಸಿಯಾದರೂ ಮೋರಿ ಹಾಕಿಸಿಕೊಳ್ಳಿ ಎನ್ನುವುದು ನಮ್ಮ ಖಚಿತ ಅಭಿಪ್ರಾಯ. ಇನ್ನೊಂದು ಕಾರಣ, ಮಾರ್ಚ್ 31ರೊಳಗೆ ಬಿಲ್ ಮಾಡುವ ಅವಸರ. ಕಾಂಕ್ರೀಟ್ ಪೂರ್ತಿ ಬಲ ಪಡೆಯಲು 28 ದಿನ ಬೇಕು, ಮೊದಲ ಎರಡು ವಾರವಾದರೂ ನೀರುಣಿಸಬೇಕು. ಬೇಸಿಗೆಯಲ್ಲಿ ಬಾವಿ ಬತ್ತಿದ ಊರಲ್ಲಿ ನೀರುಣಿಸುವವರು ಯಾರು ಎಂಬುದನ್ನು ಕೆಲಸ ಶುರುವಾಗುವ ಮೊದಲೇ ಗುತ್ತಿಗೆದಾರರ ಹತ್ತಿರ ಮಾತಾಡಿಕೊಳ್ಳಿ.

ಮನವಿಯನ್ನು ಯಾವ ತಿಂಗಳಲ್ಲಿ ಕೊಡಬೇಕು? ಜತೆಗೆ ಏನೇನು ಇರಬೇಕು?

ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಣ್ಣಿನ ಕೆಲಸ ನಡೆಯದು. ಮಳೆಗಾಲದಲ್ಲೇ ಕಾಗದ ಸಿದ್ಧವಾದರೆ ನವೆಂಬರಿನಲ್ಲಿ ಕೆಲಸ ಹಿಡಿಯಬಹುದು. ರಾಜ್ಯದ ಬಜೆಟ್‌ನಲ್ಲಿ ಸೇರಬೇಕಾದ ದೊಡ್ಡ ಬೇಡಿಕೆಯಾದರೆ ಡಿಸೆಂಬರ್ ಒಳಗೆ ಕೊಡಿ. ಬಜೆಟ್ ಮಂಡನೆಯಾಗುವುದು ಸಾಮಾನ್ಯವಾಗಿ ಫೆಬ್ರುವರಿ–ಮಾರ್ಚ್‌ನಲ್ಲಿ. ಅಷ್ಟು ಹೊತ್ತಿಗೆ ಇಲಾಖೆಗಳ ಪಟ್ಟಿ ಮುಗಿದಿರುತ್ತದೆ.

ಒಂದು ಮನವಿಯಲ್ಲಿ ಒಂದೇ ವಿಷಯ ಇರಲಿ. ಗ್ರಾಮ, ಹೋಬಳಿ, ಸರ್ವೆ ನಂಬರ್, ಎಲ್ಲಿಂದ ಎಲ್ಲಿಗೆ, ಎಷ್ಟು ಮನೆ, ಎಷ್ಟು ಶಾಲಾ ಮಕ್ಕಳು ಎಂದು ಬರೆಯಿರಿ. ಹಳ್ಳದ ಕಾಲುಸಂಕವಾದರೆ ಮಳೆಗಾಲದ ನೀರಿನ ಮಟ್ಟದ ಫೋಟೊ ಲಗತ್ತಿಸಿ. ಬೇಸಿಗೆಯಲ್ಲಿ ಬರುವ ಎಂಜಿನಿಯರ್‌ಗೆ ಕಾಣುವುದು ಒಣಗಿದ ಹಳ್ಳ. ಪಂಚಾಯಿತಿ ಠರಾವಿನ ಪ್ರತಿ, ಜಾಗದ ಪಹಣಿ ಸೇರಿಸಿ. ದಾರಿ ಯಾರದ್ದಾದರೂ ತೋಟದಲ್ಲಿ ಹಾಯ್ದರೆ ಬಾಯಿಮಾತಿನ ಒಪ್ಪಿಗೆ ಸಾಲದು, ಬರಹದಲ್ಲಿ ಬೇಕು. ಹಣ ಮಂಜೂರಾದ ಮೇಲೆ ಅಣ್ಣ–ತಮ್ಮಂದಿರ ತಕರಾರಿನಿಂದ ನಿಂತುಹೋದ ರಸ್ತೆಗಳು ಎಲ್ಲ ತಾಲ್ಲೂಕಿನಲ್ಲೂ ಇವೆ.

ಹಣ ಬಂದಿದೆ, ಅರಣ್ಯ ಇಲಾಖೆ ತಡೆದಿದೆ. ಶಾಸಕರು ಹೇಳಿದರೂ ಕೇಳುವುದಿಲ್ಲವೇಕೆ?

ಜಿಲ್ಲೆಯ ಸುಮಾರು ಶೇ 80ರಷ್ಟು ನೆಲ ಅರಣ್ಯ. ನೂರು ವರ್ಷದಿಂದ ನಡೆದಾಡುವ ದಾರಿಯೂ ದಾಖಲೆಯಲ್ಲಿ ಅರಣ್ಯವೇ ಆಗಿರಬಹುದು. 1980ರ ಅರಣ್ಯ ಸಂರಕ್ಷಣಾ ಕಾಯ್ದೆಯ ನಂತರ ಅಲ್ಲಿ ಬೇರೆ ಕೆಲಸಕ್ಕೆ ಕೇಂದ್ರದ ಒಪ್ಪಿಗೆ ಬೇಕು. ಶಾಸಕರು ಬಾಯಿಮಾತಿನಲ್ಲಿ ಹೇಳಿದರೆಂದು ಕೆಲಸಕ್ಕೆ ಬಿಟ್ಟ ಅಧಿಕಾರಿ ತಾನೇ ಸಿಕ್ಕಿಬೀಳುತ್ತಾರೆ.

ಆದರೆ ಕಾನೂನಿನಲ್ಲೇ ಒಂದು ದಾರಿಯಿದೆ, ಬಳಸುವವರು ಕಡಿಮೆ. 2006ರ ಅರಣ್ಯ ಹಕ್ಕು ಕಾಯ್ದೆಯ ಕಲಂ 3(2)ರಲ್ಲಿ 13 ಬಗೆಯ ಸಾರ್ವಜನಿಕ ಸೌಲಭ್ಯಗಳನ್ನು ಹೆಸರಿಸಲಾಗಿದೆ: ಶಾಲೆ, ಆಸ್ಪತ್ರೆ, ಅಂಗನವಾಡಿ, ನ್ಯಾಯಬೆಲೆ ಅಂಗಡಿ, ವಿದ್ಯುತ್ ಮತ್ತು ದೂರವಾಣಿ ತಂತಿ, ಕುಡಿಯುವ ನೀರು, ಕೆರೆ, ರಸ್ತೆ, ಸಮುದಾಯ ಭವನ ಮುಂತಾದವು. ಪ್ರತಿ ಕೆಲಸಕ್ಕೆ ಬೇಕಾದ ಅರಣ್ಯ ಒಂದು ಹೆಕ್ಟೇರಿಗಿಂತ ಕಡಿಮೆ ಇರಬೇಕು, ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಕಡಿಯುವಂತಿಲ್ಲ, ಗ್ರಾಮಸಭೆಯ ಶಿಫಾರಸು ಇರಬೇಕು. ಹೀಗಿದ್ದರೆ ಕಡತ ದೆಹಲಿಗೆ ಹೋಗಬೇಕಿಲ್ಲ. ಡಿಎಫ್‌ಒ (ವಿಭಾಗದ ಮುಖ್ಯ ಅರಣ್ಯಾಧಿಕಾರಿ) ಹಂತದಲ್ಲೇ ತೀರ್ಮಾನವಾಗಬಹುದು. ಮೂರು ಮೀಟರ್ ಅಗಲದ ರಸ್ತೆ ಮೂರು ಕಿಲೋಮೀಟರ್ ಉದ್ದವಿದ್ದರೂ ಆಗುವುದು 0.9 ಹೆಕ್ಟೇರ್.

ಎಡವುವುದು ಎಲ್ಲಿ? ಅರ್ಜಿ ಹಾಕಬೇಕಾದದ್ದು ಊರಿನವರಲ್ಲ, ಕೆಲಸ ಮಾಡಿಸುವ ಇಲಾಖೆ. ಎಂಜಿನಿಯರ್ ಅರ್ಜಿ ಹಾಕದೆ ಸುಮ್ಮನಿದ್ದರೆ ವರ್ಷ ಕಳೆಯುತ್ತದೆ. ಗ್ರಾಮಸಭೆಯಲ್ಲಿ ಕೋರಂ ಇಲ್ಲದಿದ್ದರೆ ಠರಾವು ಬಿದ್ದುಹೋಗುತ್ತದೆ. ಶಾಸಕರಿಂದ ನಿಮಗೆ ಬೇಕಾದದ್ದು ಅರಣ್ಯ ಇಲಾಖೆಯ ಮೇಲೆ ರೇಗಾಟವಲ್ಲ. ಎಂಜಿನಿಯರ್, ಪಿಡಿಒ, ವಲಯ ಅರಣ್ಯಾಧಿಕಾರಿ ಮೂವರನ್ನೂ ಒಂದೇ ದಿನ ಸ್ಥಳಕ್ಕೆ ಕರೆಸಿ ಅಳತೆ ಮಾಡಿಸಿಬಿಡಿ ಎಂದು ಕೇಳಿ. ಬೇರೆ ಬೇರೆ ಕಚೇರಿಯವರನ್ನು ಒಟ್ಟಿಗೆ ನಿಲ್ಲಿಸುವ ಶಕ್ತಿ ಸಾಮಾನ್ಯ ಜನರಿಗಿಲ್ಲ, ಶಾಸಕರಿಗಿದೆ.

ಅತಿಕ್ರಮಣ ಜಾಗಕ್ಕೆ ಶಾಸಕರು ಪಟ್ಟಾ ಕೊಡಿಸಬಲ್ಲರೆ?

ಅರಣ್ಯ ಜಾಗಕ್ಕೆ ಕೊಡಿಸಲಾರರು. ಅರಣ್ಯ ಹಕ್ಕು ಕಾಯ್ದೆಯಡಿ ತೀರ್ಮಾನ ಮಾಡುವುದು ಮೂರು ಹಂತ: ಗ್ರಾಮಸಭೆ (ಅದರ ಪರವಾಗಿ ಸ್ಥಳ ನೋಡುವುದು ಅರಣ್ಯ ಹಕ್ಕು ಸಮಿತಿ), ಉಪವಿಭಾಗಾಧಿಕಾರಿ ಅಧ್ಯಕ್ಷತೆಯ ಸಮಿತಿ, ಜಿಲ್ಲಾಧಿಕಾರಿ ಅಧ್ಯಕ್ಷತೆಯ ಸಮಿತಿ. ಇವುಗಳಲ್ಲಿ ಶಾಸಕರಿಗೆ ಸ್ಥಾನವಿಲ್ಲ.

ಸಿದ್ದಿಗಳಂಥ ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮೊದಲಿನ ಸ್ವಾಧೀನ ತೋರಿಸಿದರೆ ಸಾಕು. ಉಳಿದವರು ಆ ದಿನಾಂಕಕ್ಕೆ ಮೊದಲು ಮೂರು ತಲೆಮಾರು, ಅಂದರೆ 75 ವರ್ಷ, ಅರಣ್ಯದಲ್ಲಿ ನೆಲೆಸಿ ಜೀವನಕ್ಕೆ ಅದನ್ನೇ ನಂಬಿದ್ದನ್ನು ತೋರಿಸಬೇಕು. ಜಿಲ್ಲೆಯ ಬಹುಪಾಲು ಅರ್ಜಿಗಳು ಸೋಲುವುದು ಇಲ್ಲೇ. 1930ರ ಸುಮಾರಿಗೆ ಬಡ ರೈತನ ಹೆಸರಲ್ಲಿ ಯಾವ ದಾಖಲೆ ಇದ್ದೀತು? ಆದರೆ ನಿಯಮ 13ರ ಪ್ರಕಾರ ಹಿರಿಯರ ಲಿಖಿತ ಹೇಳಿಕೆಯೂ ಸಾಕ್ಷ್ಯ. ಹಳೆಯ ಗೋರಿ, ಬಾವಿ, ದೇವರ ಬನದಂಥ ಕುರುಹೂ ಸಾಕ್ಷ್ಯ. ಒಂದಕ್ಕಿಂತ ಹೆಚ್ಚು ಸಾಕ್ಷ್ಯ ಇರಲಿ. ಇದೇ ದಾಖಲೆ ಬೇಕು ಎಂದು ಸಮಿತಿ ಹಟ ಹಿಡಿಯುವಂತಿಲ್ಲ. ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲಿ ತಿಳಿಸಬೇಕು, ಮೇಲಿನ ಸಮಿತಿಗೆ ಹೋಗಲು ನಿಮಗೆ 60 ದಿನ. ಪರಿಶೀಲನೆ ಪೂರ್ತಿ ಮುಗಿಯುವವರೆಗೆ ಒಕ್ಕಲೆಬ್ಬಿಸಬಾರದು ಎಂದು ಕಲಂ 4(5) ಹೇಳುತ್ತದೆ. ಹಾಗಾಗಿ ಅರ್ಜಿಯ ಸ್ವೀಕೃತಿ ಪತ್ರವನ್ನು ಭದ್ರವಾಗಿಡಿ.

ಬಗರ್ ಹುಕುಂ (ಅನುಮತಿಯಿಲ್ಲದೆ ಸಾಗುವಳಿ ಮಾಡಿದ ಸರ್ಕಾರಿ ಜಾಗದ ಸಕ್ರಮ) ಸಮಿತಿಗೆ ಶಾಸಕರೇ ಅಧ್ಯಕ್ಷರಲ್ಲವೆ?

ಹೌದು, ತಹಶೀಲ್ದಾರರು ಕಾರ್ಯದರ್ಶಿ. ಆದರೆ ಆ ಸಮಿತಿಯ ವ್ಯಾಪ್ತಿ ಕಂದಾಯ ಭೂಮಿಗೆ ಮಾತ್ರ. ಘಟ್ಟದ ಕೆಳಗೂ ಮೇಲೂ ಕಂದಾಯ ಜಾಗ ಕಡಿಮೆ ಇರುವುದರಿಂದ ಬಯಲುಸೀಮೆಯಲ್ಲಿ ಕೇಳಿಬರುವಷ್ಟು ಮಂಜೂರಾತಿ ಇಲ್ಲಿ ಆಗುವುದಿಲ್ಲ. ಅರ್ಜಿ ಹಾಕುವ ಮೊದಲು ಪಹಣಿಯಲ್ಲಿ ಜಾಗ ಅರಣ್ಯವೋ ಕಂದಾಯವೋ ಎಂದು ನೋಡಿ. ಕಂದಾಯ ಜಾಗದಲ್ಲಿ ಮನೆ ಮಾತ್ರ ಇದ್ದರೆ ಅದು ಭೂಕಂದಾಯ ಕಾಯ್ದೆಯ ಕಲಂ 94ಸಿ ಅಡಿಯ ಅರ್ಜಿ, ತಹಶೀಲ್ದಾರರ ಹಂತದ್ದು.

ಸದನದಲ್ಲಿ ಪ್ರಶ್ನೆ ಕೇಳಿದರೆ ಊರಿಗೇನು ಲಾಭ?

ಲಾಭ ದೊಡ್ಡದು. ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಸದನದಲ್ಲೇ ಉತ್ತರಿಸಬೇಕು, ಚುಕ್ಕೆ ಇಲ್ಲದ್ದಕ್ಕೆ ಲಿಖಿತ ಉತ್ತರ ಬರುತ್ತದೆ. ಉತ್ತರ ತಯಾರಿಸಲು ಬೆಂಗಳೂರಿನಿಂದ ಕಾರವಾರಕ್ಕೆ, ಅಲ್ಲಿಂದ ತಾಲ್ಲೂಕಿಗೆ ಮಾಹಿತಿ ಕೇಳಿ ಬರುತ್ತದೆ. ಧೂಳು ಹಿಡಿದ ಕಡತವನ್ನು ಯಾರೋ ಒಬ್ಬರು ತೆಗೆದು ನೋಡಲೇಬೇಕಾಗುತ್ತದೆ. ಸಚಿವರು “ಮಾಡುತ್ತೇವೆ” ಎಂದರೆ ಅದು ಸರ್ಕಾರಿ ಭರವಸೆಗಳ ಸಮಿತಿಯ ಮುಂದೆ ಹೋಗುತ್ತದೆ. ತುರ್ತು ವಿಷಯಕ್ಕೆ ನಿಯಮ 73ರ ಗಮನ ಸೆಳೆಯುವ ಸೂಚನೆ, ಶೂನ್ಯವೇಳೆ ಇವೆ.

ಪ್ರಶ್ನೆಗೆ ಸುಮಾರು 15 ದಿನ ಮುಂಚಿತವಾಗಿ ಸೂಚನೆ ಕೊಡಬೇಕು. ಆದ್ದರಿಂದ ಅಧಿವೇಶನದ ದಿನಾಂಕ ಪ್ರಕಟವಾದ ಕೂಡಲೇ ನಿಮ್ಮ ಮಾಹಿತಿ ಶಾಸಕರ ಕೈಸೇರಲಿ. “ರಸ್ತೆ ಯಾವಾಗ?” ಎಂಬುದಕ್ಕೆ “ಪರಿಶೀಲನೆಯಲ್ಲಿದೆ” ಎಂಬ ಉತ್ತರ ಸುಲಭ. ಕಡತದ ಸಂಖ್ಯೆ, ಮಂಜೂರಾದ ದಿನಾಂಕ, ಯಾವ ಕಚೇರಿಯಲ್ಲಿ ಎಂದಿನಿಂದ ನಿಂತಿದೆ ಎಂದು ಕೇಳಿಸಿದರೆ ಹಾಗೆ ಜಾರಿಕೊಳ್ಳಲಾಗದು.

ಕೆಡಿಪಿ ಸಭೆ ಎಂದರೇನು?

ತಾಲ್ಲೂಕಿನ ಎಲ್ಲ ಇಲಾಖೆಗಳ ಪ್ರಗತಿ ಪರಿಶೀಲನೆ, ಶಾಸಕರ ಅಧ್ಯಕ್ಷತೆಯಲ್ಲಿ. ಜಿಲ್ಲಾ ಮಟ್ಟದ್ದು ಉಸ್ತುವಾರಿ ಸಚಿವರದ್ದು. ಸಭೆಗೆ ಒಂದು ವಾರ ಮೊದಲು ನಿಮ್ಮ ವಿಷಯ ಆಪ್ತ ಸಹಾಯಕರಿಗೆ ತಲುಪಿದರೆ ಶಾಸಕರು ಅಧಿಕಾರಿಯನ್ನು ಎಲ್ಲರೆದುರು ಕೇಳುತ್ತಾರೆ, ಉತ್ತರ ನಡಾವಳಿಯಲ್ಲಿ ದಾಖಲಾಗುತ್ತದೆ.

ಆಸ್ಪತ್ರೆ ಖರ್ಚಿಗೆ ನೆರವು ಸಿಗುತ್ತದೆಯೆ?

ದೊಡ್ಡ ಕಾಯಿಲೆಗೆ ಇಲ್ಲಿಂದ ಮಣಿಪಾಲ, ಹುಬ್ಬಳ್ಳಿ, ಗೋವಾ ಎಂದು ಓಡುವುದು ಇಂದಿಗೂ ತಪ್ಪಿಲ್ಲ. ದಾಖಲಾಗುವಾಗಲೇ ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕ ಕೌಂಟರಿಗೆ ಹೋಗಿ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಕೇಳಬಹುದು. ತುರ್ತಿದ್ದರೆ ಅದಿಲ್ಲದೆಯೂ ದಾಖಲಾಗಬಹುದು. ಅದರಲ್ಲಿ ಸೇರದ ಖರ್ಚಿಗೆ ಮುಖ್ಯಮಂತ್ರಿ ಪರಿಹಾರ ನಿಧಿಗೆ ಶಾಸಕರ ಪತ್ರದೊಂದಿಗೆ ಅರ್ಜಿ ಹಾಕಬಹುದು: ಮೂಲ ಬಿಲ್ಲುಗಳು, ಡಿಸ್ಚಾರ್ಜ್ ಸಾರಾಂಶ, ಆಧಾರ್, ಪಡಿತರ ಚೀಟಿ, ಬ್ಯಾಂಕ್ ವಿವರ. ಮೂಲ ಬಿಲ್ ಕೊಡುವ ಮೊದಲು ನಕಲು ತೆಗೆದಿಟ್ಟುಕೊಳ್ಳಿ.

ಧರೆ ಕುಸಿದರೆ, ನೆರೆ ಬಂದರೆ ಯಾರಿಗೆ ಮೊದಲು ಹೇಳಬೇಕು?

ಶಾಸಕರಿಗಲ್ಲ. 112ಕ್ಕೆ ಅಥವಾ ಜಿಲ್ಲಾ ನಿಯಂತ್ರಣ ಕೊಠಡಿಯ 1077ಕ್ಕೆ ಕರೆ ಮಾಡಿ. ವಿಪತ್ತು ನಿರ್ವಹಣೆಯ ಅಧಿಕಾರ ಜಿಲ್ಲಾಧಿಕಾರಿಯದ್ದು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದ ಮೇಲೆ ಗುಡ್ಡದ ಬುಡದಲ್ಲಿರುವ ಪ್ರತಿ ಊರಿಗೂ ಈ ಸಂಖ್ಯೆಗಳು ಬಾಯಿಪಾಠ ಇರಬೇಕು. ಮನೆ ಹಾನಿಯಾದರೆ ಗ್ರಾಮ ಆಡಳಿತ ಅಧಿಕಾರಿ ಬಂದು ಪಂಚನಾಮೆ ಮಾಡುವ ಮೊದಲು ಅವಶೇಷ ತೆಗೆಯಬೇಡಿ. ತೆಗೆಯಲೇಬೇಕಾದರೆ ಎಲ್ಲ ಕಡೆಯಿಂದ ಫೋಟೊ ಹಿಡಿಯಿರಿ. ಹಾನಿಯನ್ನು ಪೂರ್ಣ, ಭಾಗಶಃ ಎಂದು ವಿಂಗಡಿಸುವಾಗ ತಪ್ಪಾಗುತ್ತದೆ, ಪರಿಹಾರ ಅದರ ಮೇಲೆ ನಿಂತಿದೆ. ಮರುಪರಿಶೀಲನೆಗೆ ತಹಶೀಲ್ದಾರರಿಗೆ ಬರೆಯುವಾಗ ಶಾಸಕರ ಪತ್ರ ಉಪಯೋಗಕ್ಕೆ ಬರುತ್ತದೆ.

ಕಡಲ್ಕೊರೆತ ತಡೆಗೋಡೆ, ಗಜನಿ ಭೂಮಿಯ (ಹಿನ್ನೀರಿನ ಅಂಚಿನ ತಗ್ಗು ಗದ್ದೆ) ಒಡ್ಡು?

ತಡೆಗೋಡೆ ಬಂದರು ಇಲಾಖೆಯ ಕೆಲಸ. ಕರಾವಳಿ ನಿಯಂತ್ರಣ ವಲಯದ ನಿಯಮವೂ ಅನ್ವಯಿಸುತ್ತದೆ. ಗಜನಿಗೆ ಉಪ್ಪುನೀರು ನುಗ್ಗದಂತೆ ತಡೆಯುವ ಖಾರ್‌ಲ್ಯಾಂಡ್ ಒಡ್ಡು ಸಣ್ಣ ನೀರಾವರಿ ಇಲಾಖೆಯದ್ದು. ಎರಡನ್ನೂ ಒಂದೇ ಮನವಿಯಲ್ಲಿ ಬರೆದರೆ ಎರಡೂ ಕಡೆ ತಿರುಗಿಬರುತ್ತದೆ.

ವರ್ಗಾವಣೆ, ನೌಕರಿ, ಪೊಲೀಸ್ ಠಾಣೆಯ ವಿಷಯ?

ನೇಮಕಾತಿ ಪರೀಕ್ಷೆಯಿಂದ ಆಗುವ ಹುದ್ದೆಗೆ ಶಾಸಕರ ಪತ್ರಕ್ಕೆ ಯಾವ ಬೆಲೆಯೂ ಇಲ್ಲ. “ಶಾಸಕರಿಗೆ ಹೇಳಿ ಮಾಡಿಸುತ್ತೇನೆ” ಎಂದು ದುಡ್ಡು ಕೇಳುವವರನ್ನು ನಂಬಬೇಡಿ. ಠಾಣೆಯಲ್ಲಿ ದೂರು ತೆಗೆದುಕೊಳ್ಳದಿದ್ದರೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಅಂಚೆಯಲ್ಲಿ ಕಳುಹಿಸುವುದು ಕಾನೂನು ಕೊಟ್ಟ ದಾರಿ.

ಈ ಜಿಲ್ಲೆಯಿಂದ ರಾಜ್ಯದ ಮಟ್ಟಕ್ಕೆ ಏರಿದವರು ಯಾರು?

1956ರ ನವೆಂಬರ್ 1ರವರೆಗೆ ಇದು ಮುಂಬಯಿ ರಾಜ್ಯದ ಭಾಗವಾಗಿತ್ತು, ಹಾಗಾಗಿ ಮೈಸೂರು ವಿಧಾನಸಭೆಗೆ ಇಲ್ಲಿನವರು ಮೊದಲು ಆರಿಸಿ ಹೋದದ್ದು 1957ರಲ್ಲಿ. ಸಿದ್ದಾಪುರದ ದೊಡ್ಮನೆಯ ರಾಮಕೃಷ್ಣ ಹೆಗಡೆ ಆ ಚುನಾವಣೆಯಲ್ಲೇ ಗೆದ್ದವರು. 1983ರ ಜನವರಿಯಲ್ಲಿ ಮುಖ್ಯಮಂತ್ರಿಯಾದಾಗ ಅವರು ವಿಧಾನಸಭೆಯ ಸದಸ್ಯರಾಗಿರಲಿಲ್ಲ, ಬಳಿಕ ಕನಕಪುರದ ಉಪಚುನಾವಣೆಯಲ್ಲಿ ಗೆದ್ದರು. ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳ ಕಾಯ್ದೆ, 1984ರ ಲೋಕಾಯುಕ್ತ ಕಾಯ್ದೆ ಎರಡೂ ಅವರ ಕಾಲದವು. ಹಳಿಯಾಳದ ಆರ್.ವಿ. ದೇಶಪಾಂಡೆ ಹಲವು ಸರ್ಕಾರಗಳಲ್ಲಿ ಸಚಿವರಾಗಿದ್ದವರು. ವಿಶ್ವೇಶ್ವರ ಹೆಗಡೆ ಕಾಗೇರಿ ಅಂಕೋಲಾ ಮತ್ತು ಶಿರಸಿಯಿಂದ ಆರು ಸಲ ಗೆದ್ದು 2019ರಿಂದ 2023ರವರೆಗೆ ಸಭಾಧ್ಯಕ್ಷರಾಗಿದ್ದರು. ಭಟ್ಕಳದ ಶಾಸಕ ಡಾ. ಯು. ಚಿತ್ತರಂಜನ್ ಅವರನ್ನು 1996ರ ಏಪ್ರಿಲ್‌ನಲ್ಲಿ ಗುಂಡಿಕ್ಕಿ ಕೊಲ್ಲಲಾಯಿತು. ಮಹಿಳೆಯರ ಸಂಖ್ಯೆ ಮಾತ್ರ ತೀರ ಕಡಿಮೆ: ಕುಮಟಾದಿಂದ 2013ರಲ್ಲಿ ಶಾರದಾ ಶೆಟ್ಟಿ, ಕಾರವಾರದಿಂದ 2018ರಲ್ಲಿ ರೂಪಾಲಿ ನಾಯ್ಕ ಗೆದ್ದಿದ್ದರು.

ಶಾಸಕರ ಸಂಬಳ ಎಷ್ಟು?

2025ರ ಮಾರ್ಚ್‌ನಲ್ಲಿ ಅಂಗೀಕಾರವಾದ ತಿದ್ದುಪಡಿಯಲ್ಲಿ ತಿಂಗಳ ವೇತನ 40,000ದಿಂದ 80,000 ರೂಪಾಯಿಗೆ ಏರಿತು. ಕ್ಷೇತ್ರ ಪ್ರವಾಸ, ದೂರವಾಣಿ ಮುಂತಾದ ಭತ್ಯೆಗಳು ಬೇರೆ.

ಐದು ವರ್ಷದಲ್ಲಿ ಅವರು ಮಾಡಿದ್ದೇನು ಎಂದು ತಿಳಿಯುವುದು ಹೇಗೆ?

ನಾಮಪತ್ರದ ಜತೆ ಕೊಟ್ಟ ಪ್ರಮಾಣಪತ್ರದಲ್ಲಿ ಆಸ್ತಿ, ಸಾಲ, ಪ್ರಕರಣಗಳ ವಿವರವಿರುತ್ತದೆ. ಚುನಾವಣಾ ಆಯೋಗದ ಜಾಲತಾಣದಲ್ಲಿ ಯಾರೂ ನೋಡಬಹುದು. ಗೆದ್ದ ಮೇಲೆ ಪ್ರತಿ ವರ್ಷ ಜೂನ್ 30ರೊಳಗೆ ಲೋಕಾಯುಕ್ತರಿಗೆ ಆಸ್ತಿ ವಿವರ ಸಲ್ಲಿಸಬೇಕು. ಸದನದಲ್ಲಿ ಕೇಳಿದ ಪ್ರಶ್ನೆ, ಸಿಕ್ಕ ಉತ್ತರ ವಿಧಾನಮಂಡಲದ ಜಾಲತಾಣದಲ್ಲಿವೆ.

ನಿಧಿಯ ಲೆಕ್ಕಕ್ಕೆ ಮಾಹಿತಿ ಹಕ್ಕಿನ ಅರ್ಜಿಯನ್ನು ಕಾರವಾರದ ಜಿಲ್ಲಾಧಿಕಾರಿ ಕಚೇರಿಗೆ ಹಾಕಿ, ಶಾಸಕರ ಕಚೇರಿಗಲ್ಲ. ಕಡತ ಇರುವುದು ಅಲ್ಲಿ. ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ ಮೀರಬಾರದು. ವರ್ಷವಾರು ಶಿಫಾರಸು ಮಾಡಿದ ಕಾಮಗಾರಿ, ಮಂಜೂರಾದ ಮೊತ್ತ, ಪೂರ್ಣಗೊಂಡ ದಿನಾಂಕ, ಪಾವತಿ ಎಂದು ನಾಲ್ಕು ಕಾಲಂ ಕೇಳಿ. “ಎಲ್ಲ ಮಾಹಿತಿ ಕೊಡಿ” ಎಂದು ಬರೆದರೆ ಅಸ್ಪಷ್ಟವಾಗಿದೆ ಎಂದು ತಿರುಗಿ ಬರುತ್ತದೆ. 30 ದಿನದಲ್ಲಿ ಉತ್ತರ ಬಾರದಿದ್ದರೆ ಮುಂದಿನ 30 ದಿನದೊಳಗೆ ಅದೇ ಕಚೇರಿಯ ಮೇಲ್ಮನವಿ ಅಧಿಕಾರಿಗೆ ಬರೆಯಿರಿ. ಅಲ್ಲೂ ಆಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ ಎರಡನೇ ಮೇಲ್ಮನವಿ ಸಲ್ಲಿಸಬಹುದು.